ಮೊದಲ ಮಾತ್ರೆಯಲ್ಲಿ ಸೋತವರು

ಹೊಲಿಗೆ ಕಾರ್ಖಾನೆಯ ಆರೋಗ್ಯ ಯೋಜನೆಯಲ್ಲಿ ಒಂದು ನಿಯಮವಿತ್ತು. ಯಾರಿಗೇ ಆಗಲಿ, ಮೊದಲು ಅಗ್ಗದ ಮಾತ್ರೆ. ಅದು ನಾಟದಿದ್ದರೆ ಮಾತ್ರ ದುಬಾರಿ ಇಂಜೆಕ್ಷನ್. ಮಾತ್ರೆ ನಾಟದವರಿಗೆ ಆಫೀಸಿನಲ್ಲಿ ‘ಸೋತವರು’ ಎಂದು ಹೆಸರು. "ಈ ವಾರ ಎಷ್ಟು ಜನ ಸೋತ್ರು?" ಎಂದು ಮ್ಯಾನೇಜರು ಕೇಳುವುದು, "ಇಬ್ಬರೇ ಸಾರ್" ಎಂದು ಅಕ್ಕ ಹೇಳುವುದು, ಅವರು ಖುಷಿಯಾಗಿ ಟೀ ತರಿಸುವುದು. ಔಷಧಿ ಅರ್ಜಿಗಳಿಗೆ ಮುದ್ರೆ ಒತ್ತುವ ಗುಮಾಸ್ತೆ ಈ ಅಕ್ಕ. ಆ ಮೇಜಿನ ಮಟ್ಟಿಗೆ ಅವಳು ಆಡಿದ್ದೇ ಆಟ.

ತಂಗಿ ಅಲ್ಲೇ ಬಟ್ಟೆ ಕತ್ತರಿಸುವವಳು. ಅವಳು ಕತ್ತರಿಸಿದ್ದನ್ನು ಎರಡನೆಯ ಸಲ ಅಳೆಯಬೇಕಿಲ್ಲ ಎಂದು ಮಾಲೀಕರೇ ಹೊಗಳಿದ್ದರು. ದೇವರು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವುದನ್ನು ಅಕ್ಕ ಚಿಕ್ಕಂದಿನಿಂದ ಕಂಡವಳು. ಓಟದಲ್ಲಿ ತಂಗಿ ಮೊದಲು, ಹಾಡಿನಲ್ಲಿ ತಂಗಿ ಮೊದಲು. ಅಕ್ಕ ಮನಸ್ಸಿಟ್ಟಿದ್ದ ಎದುರುಮನೆಯ ಹುಡುಗ ಕೂಡ ತಂಗಿಯನ್ನೇ ಕಟ್ಟಿಕೊಂಡ. ಮದುವೆಯಲ್ಲಿ ಅಕ್ಕ ನಗುನಗುತ್ತಾ ಓಡಾಡಿದಳು. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಈಗ ಇಬ್ಬರಿಗೂ ಒಂದೇ ಕಾಯಿಲೆ, ಕೀಲುಬಾವು. ಅಕ್ಕನಿಗೆ ಅಗ್ಗದ ಮಾತ್ರೆ ನಾಟಿತು. ತಂಗಿಗೆ ನಾಟದೆ ವೈದ್ಯರು ಇಂಜೆಕ್ಷನ್ ಬರೆದುಕೊಟ್ಟರು. ‘ಕಾಯಿಲೆಯಲ್ಲೂ ಇವಳಿಗೆ ಮೇಲ್ತರದ್ದೇ ಆಗಬೇಕೋ!’ ಎನಿಸಿತು ಅಕ್ಕನಿಗೆ.

ಅರ್ಜಿಯಲ್ಲೊಂದು ಪ್ರಶ್ನೆ: "ಮೊದಲ ಮಾತ್ರೆಯಲ್ಲಿ ಸೋತಿದ್ದೀರಾ?" ತಂಗಿ ದುಂಡಗೆ ಬರೆದಿದ್ದಳು: "ಇಲ್ಲ. ನಾನು ಸೋಲುವವಳಲ್ಲ. ಎಷ್ಟು ನೋವಿದ್ದರೂ ಒಂದು ದಿನವೂ ರಜೆ ಹಾಕಿಲ್ಲ."

ಪೆದ್ದಿ! ಕೇಳಿದ್ದೇನು, ಹೇಳಿದ್ದೇನು! ನಾಲ್ಕು ಹೆಜ್ಜೆ ನಡೆದು, "ಹೌದು ಅಂತ ಬರಿಯೇ" ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಏಳಲಿಲ್ಲ. ಅವಳೇ ‘ಇಲ್ಲ’ ಎಂದು ಬರೆದಮೇಲೆ ನಾನೇನು ಮಾಡಲಿ ಎಂದುಕೊಂಡು ‘ತಿರಸ್ಕೃತ’ ಮುದ್ರೆ ಒತ್ತಿದಳು. ನಿಯಮದಂತೆ ಇನ್ನು ಮೂರು ತಿಂಗಳು ಅದೇ ಮಾತ್ರೆ. ಸುಳ್ಳೇಕೆ ಹೇಳಬೇಕು, ಅವತ್ತು ಅವಳಿಗೆ ಊಟ ರುಚಿಸಿತು.

ಆ ಮೂರು ತಿಂಗಳಲ್ಲಿ ತಂಗಿ ಕತ್ತರಿ ಮೇಜಿನಿಂದ ಗುಂಡಿ ವಿಂಗಡಿಸುವ ಮೇಜಿಗೆ, ಅಲ್ಲಿಂದ ಬಾಗಿಲ ಬಳಿಯ ಸ್ಟೂಲಿಗೆ ಇಳಿದಳು. ಮಾಲೀಕರು ಅವಳನ್ನು ಮಾತಾಡಿಸುವುದನ್ನೇ ಬಿಟ್ಟರು. ಅಕ್ಕ ಕಂಡೂ ಕಾಣದಂತೆ ಓಡಾಡಿದಳು.

ಅವಧಿ ಮುಗಿದ ದಿನ ತಂಗಿ ಹೊಸ ಅರ್ಜಿಯನ್ನು ಕಂಕುಳಲ್ಲಿ ಒತ್ತಿಕೊಂಡು ಬಂದಳು. ಬೆರಳುಗಳು ಮಡಚಿದವು ಮಡಚಿದಂತೆಯೇ ಇದ್ದವು.

"ಪೆನ್ನು ಹಿಡಿಯೋಕಾಗ್ತಿಲ್ಲ ಅಕ್ಕ, ನೀನೇ ಬರಿ."

"ಈ ಪ್ರಶ್ನೆಗೆ ಏನು ಬರೀಲೇ?"

ತಂಗಿ ಬಗ್ಗಿ ಓದಿದಳು. ಬಹಳ ಹೊತ್ತು ಓದಿದಳು.

"ಸೋತೆ ಅಂತ ಬರಿ. ಹೋದ ಸಲ ಜಂಬ ಕೊಚ್ಚಿಕೊಂಡೆ. ತಪ್ಪಿದ್ರೆ ತಿದ್ದೋಕೆ ನೀನಿದ್ದೀಯಲ್ಲ ಅಂದ್ಕೊಂಡಿದ್ದೆ."

ತಂಗಿಯ ಬಾಯಲ್ಲಿ ಆ ಒಂದು ಮಾತು ಕೇಳಲು ಅಕ್ಕ ನಲವತ್ತು ವರ್ಷ ಕಾದಿದ್ದಳು. ಈಗ ಬರೆಯಲು ಹೋದರೆ ಕೈ ಏಳಲಿಲ್ಲ.

"ಬೇಗ ಬರಿಯೇ," ಎಂದಳು ತಂಗಿ, "ಹಿಂದೆ ಇನ್ನೂ ಜನ ನಿಂತಿದ್ದಾರೆ."