ಸರ್ಕಾರಕ್ಕೆ ಬೇಕಾದವ

ಟಿಕೋಟಾದ ಶಂಕ್ರೆಪ್ಪ ವಿಜಾಪುರದ ಕಚೇರಿಯಿಂದ ಹೊರಬಿದ್ದಾಗ ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ!

ಯುದ್ಧದ ಕಾಲಕ್ಕೆ ಸರ್ಕಾರ, ವಾಯರ್‌ಲೆಸ್ ಕಲಿತವರು ಬೇಕೆಂದು ಡಂಗುರ ಹೊಡೆಸಿತು. ಈ ಪುಣ್ಯಾತ್ಮ ಧಾರವಾಡದ ಕಾಲೇಜನ್ನು ಸೇರಿದ ವರ್ಷವೇ ಬಿಟ್ಟು ಹೋಗಿ ಕಲಿತ. ಕೈ ಪಳಗುವಷ್ಟರಲ್ಲಿ ಯುದ್ಧವೇ ಮುಗಿಯಿತು. ಆಮೇಲೆ, ಊರೂರಿಗೆ ಕಾಲುವೆ ತೋಡುತ್ತೇವೆ, ಓವರ್‌ಸಿಯರ್ ಬೇಕು ಎಂದಿತು. ಅದನ್ನೂ ಕಲಿತ. ಸ್ವರಾಜ್ಯ ಬಂತು, ಕಾಲುವೆಯ ದುಡ್ಡು ಮಾತ್ರ ಬರಲಿಲ್ಲ. ಇವತ್ತು ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, “ಈಗ ಹೈಸ್ಕೂಲು ಮಾಸ್ತರರದು ಭಾಳ ಕೊರತಿ ಐತಿ ನೋಡ್ರಿ. ಮೊದಲ ಕಾಲೇಜು ಮುಗಿಸ್ಕೊಂಡು ಬರ್ರಿ,” ಎಂದಿದ್ದರು.

ಇಷ್ಟರಲ್ಲಿ ಆರು ವರ್ಷ ಹೋಗಿದ್ದವು. ಅಷ್ಟೂ ದಿನ ಬಬಲೇಶ್ವರದಲ್ಲಿ ಸೋದರಮಾವನ ಮಗಳು ಗೌರಾಬಾಯಿ ಅವನ ಹೆಸರಿನಲ್ಲೇ ಕೂತಿದ್ದಳು. ನೌಕರಿ ಸಿಗುವ ತನಕ ಅಕ್ಷತೆ ಇಲ್ಲವೆಂದು ಮಾವ ಶಿವಯೋಗೆಪ್ಪನ ಹಟ. ಈಗ ತೊರವಿಯಿಂದ ಬೇರೆ ಗಂಡಿನ ಕಡೆಯವರು ಕೇಳಿದ್ದರು. ಇವತ್ತೂ ಬರಿಗೈಯಲ್ಲಿ ಹೋದರೆ ಗೌರಾ ಕೈತಪ್ಪಿದಂತೆಯೇ.

ಸಂಜೆ ಬಸ್ಸಿಳಿದು ಮಾವನ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತ.

“ಏನಂದ್ರಲೇ?” ಎಂದ ಮಾವ.

“ಮಾಸ್ತರ ಬೇಕಂತ. ಇನ್ನ ನಾಕ ವರ್ಷ ಕಲೀಬೇಕಂತ.”

“ನಾಕ ವರ್ಷ! ಅಷ್ಟರಾಗ ಸರ್ಕಾರಕ್ಕ ಮತ್ತೊಂದು ಬೇಕಾಗಿರ್ತೈತಿ. ತೊರವಿಗೆ ಹೇಳಿ ಕಳಸ್ತೀನಿ. ತಪ್ಪು ತಿಳೀಬ್ಯಾಡಪಾ.”

ಶಂಕ್ರೆಪ್ಪ ಹೂಂ ಎಂದ. ವಾದಿಸಿ ವಾದಿಸಿ ಅವನ ನಾಲಿಗೆ ಸವೆದಿತ್ತು.

ಬಾಗಿಲ ಮರೆಯಲ್ಲಿದ್ದ ಗೌರಾಬಾಯಿ ಹೊರಗೆ ಬಂದಳು. ಅವಳು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗಿದ್ದಳು. ಆ ನೌಕರಿಯನ್ನು ಮನೆಯಲ್ಲಿ ಯಾರೂ ನೌಕರಿಯೆಂದು ಎಣಿಸಿರಲಿಲ್ಲ.

“ಯಪ್ಪಾ, ಇಬ್ಬರೊಳಗ ಒಬ್ಬರಿಗೆ ನೌಕರಿ ಇದ್ರ ಸಾಲೂದಿಲ್ಲೇನು? ನನಗೈತಿ.”

“ಹೆಂಡತಿ ಪಗಾರದಾಗ ಉಣ್ಣಾಂವ ಅಂತಾರ ಬೇ ಮಂದಿ!”

“ಮಂದಿದು ಇರ್ಲಿ. ಸರ್ಕಾರದ್ದೂ ಇರ್ಲಿ.” ಶಂಕ್ರೆಪ್ಪನ ಕಡೆ ತಿರುಗಿದಳು. “ಮಾಮಾ, ನಿಮಗೇನ ಬೇಕು? ಅದನ್ನ ಹೇಳ್ರಿ.”

ಇಷ್ಟು ವರ್ಷದಲ್ಲಿ ಅವನನ್ನು ಹೀಗೆ ಯಾರೂ ಕೇಳಿರಲಿಲ್ಲ. ಅವನ ಕಣ್ಣು ತುಂಬಿಬಂದವು.

“ಮೊದಲ ಒಂದೀಟು ನಿದ್ದಿ ಬೇಕು, ಗೌರಾ,” ಎಂದ. “ಆಮ್ಯಾಲ ನೀ ಬೇಕು.”

ಶಿವಯೋಗೆಪ್ಪ ತೊರವಿಗೆ ಯಾರನ್ನೂ ಕಳಿಸಲಿಲ್ಲ. ತಾನೇ ಒಳಗೆ ಹೋಗಿ ಕೌದಿ ತಂದು ಅಳಿಯನಿಗೆ ಹಾಸಿಕೊಟ್ಟ.