ಕಿಟಕಿಯಾಚೆ ಕೇಳಿದ ಸ್ವಂತ ವಾಕ್ಯ

ಸೋಮವಾರ ಬೆಳಿಗ್ಗೆ ಕನಕಲಕ್ಷ್ಮಮ್ಮ ತುಳಸಿಗೆ ನೀರು ಹಾಕಿ ಒಳಗೆ ಬರುವಷ್ಟರಲ್ಲಿ ಹಳೇಬೀಡಿನಿಂದ ಫೋನು ಬಂತು. ನೆಂಟರ ಮನೆಗೆ ಹೋಗಿದ್ದ ಮೈದುನ ಗಂಗಾಧರಯ್ಯನವರು ಎದೆನೋವು ಬಂದು ಅಲ್ಲೇ ತೀರಿಕೊಂಡಿದ್ದರು. ಮದುವೆಯ ಗೊಡವೆಗೇ ಹೋಗದೆ, ಮೂವತ್ತು ವರ್ಷ ಅತ್ತಿಗೆಯ ಕೈಯೂಟ ಉಂಡುಕೊಂಡು ಜಾವಗಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು.

ಸೂತಕದ ಐದನೆಯ ದಿನ ಬಾಗಿಲಲ್ಲಿ ನಯನಾ ಬಂದು ನಿಂತಳು. ಮೇಷ್ಟ್ರು ಮನೆಯಲ್ಲೇ ಕೂರಿಸಿ ಪಾಠ ಹೇಳುತ್ತಿದ್ದ ಹತ್ತನೇ ತರಗತಿಯ ಹುಡುಗಿ. ಅಂದು ಅರಸೀಕೆರೆಯಲ್ಲಿ ಇಂಗ್ಲಿಷ್ ಸ್ಪರ್ಧೆಯ ಕೊನೆಯ ಸುತ್ತು. ಗೆದ್ದರೆ ಕಾಲೇಜು, ಹಾಸ್ಟೆಲು ಎಲ್ಲ ಉಚಿತ. ಸೋತರೆ ಅವಳ ಓದು ಅಲ್ಲಿಗೆ ಮುಗಿಯಿತು. ಆದರೆ ಜೊತೆಗೆ ಹಿರಿಯರೊಬ್ಬರು ಬರಲೇಬೇಕು.

"ಅವ್ವ ಬಿಕ್ಕೋಡಿಗೆ ಕಾಫಿ ಕುಯ್ಯಕ್ಕೆ ಹೋಗವ್ಳೆ ಅಮ್ಮಾರೆ. ಮೇಷ್ಟ್ರೇ ಕರ್ಕೊಂಡು ಹೋಯ್ತೀನಿ ಅಂದಿದ್ರು."

"ಸೂತಕದೋಳು ನಾನು, ಹೊಸಲು ದಾಟೋದು ಹೇಗೇ?" ಎಂದವರು ಮರುಗಳಿಗೆಯಲ್ಲೇ ಸೆರಗು ಸಿಕ್ಕಿಸಿದರು. "ನಡಿಯೇ, ಬಸ್ಸು ಹೊರಟುಬಿಡತ್ತೆ!"

ಸಭಾಂಗಣದ ವೇದಿಕೆಯಲ್ಲಿ ಶಾರದೆಯ ಪಟ, ಮುಂದೆ ಉರಿಯುವ ದೀಪ. ಸೂತಕದಲ್ಲಿ ದೇವರೆದುರು ಹೋಗಲಾರದೆ ಕನಕಲಕ್ಷ್ಮಮ್ಮ ಹೊರಗೇ ಕಿಟಕಿಯ ಸರಳು ಹಿಡಿದು ನಿಂತರು.

"ಒಳಗ್ ಬನ್ನಿ ಅಜ್ಜಿ, ಕುರ್ಚಿ ಖಾಲಿ ಐತೆ" ಎಂದ ಜವಾನ.

"ನಂಗೆ ಇಲ್ಲೇ ಚೆನ್ನಾಗಿ ಕೇಳತ್ತಪ್ಪಾ."

ಒಬ್ಬೊಬ್ಬರೇ ಸೋತು, ಕೊನೆಗೆ ನಯನಾ ಮತ್ತು ಪೇಟೆಯ ಹುಡುಗನೊಬ್ಬ ಸರಿಸಮ ಉಳಿದರು. ಕೊನೆಯ ಪ್ರಶ್ನೆ: 'ಲುಕ್ ಆಫ್ಟರ್'. ಅರ್ಥ, ಬಳಕೆ, ಸ್ವಂತ ವಾಕ್ಯ.

ರಾಮ ಹಸುವನ್ನು ನೋಡಿಕೊಳ್ಳುತ್ತಾನೆ ಎಂದು ಹುಡುಗ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದ. ತಪ್ಪೇನಿರಲಿಲ್ಲ. ಮೇಷ್ಟ್ರಾಗಿದ್ದರೆ ಮಾತ್ರ "ಯಾವ ರಾಮನೋ? ಯಾರ ಮನೆ ಹಸುವೋ?" ಎಂದು ರೇಗುತ್ತಿದ್ದರು. ನಡೆಯದ್ದನ್ನು ವಾಕ್ಯ ಮಾಡಲು ಅವರು ಬಿಡುತ್ತಿರಲಿಲ್ಲ.

ನಯನಾ ಕಿಟಕಿಯತ್ತ ನೋಡಿದಳು. ಹೊತ್ತು ಮುಗಿಯಿತೆಂದು ಗಂಟೆ ಹೊಡೆಯಲು ಜವಾನ ಕೈಯೆತ್ತಿದ. 'ಹೇಳೇ, ಹೇಳೇ!' ಕನಕಲಕ್ಷ್ಮಮ್ಮನ ಬೆರಳುಗಳು ಸರಳಿನ ಮೇಲೆ ಬಿಗಿದವು.

"ಲುಕ್ ಆ್ಯಟ್ ಅಂದ್ರೆ ಕಣ್ಣಲ್ಲಿ ನೋಡೋದು ಸಾರ್. ಲುಕ್ ಆಫ್ಟರ್ ಅಂದ್ರೆ ಕೈಯಾರೆ ನೋಡ್ಕೊಳ್ಳೋದು. ಅದಾದ್ಮೇಲೆ ಯಾರನ್ನ ಅಂತ ಹೇಳ್ಬೇಕು." ಹುಡುಗಿ ಉಸಿರೆಳೆದುಕೊಂಡಳು. "ಷಿ ಲುಕ್ಡ್ ಆಫ್ಟರ್ ಮೈ ಟೀಚರ್ ಫಾರ್ ಥರ್ಟಿ ಇಯರ್ಸ್."

"ಷಿ ಅಂದರೆ ಯಾರಮ್ಮ?" ಎಂದರು ತೀರ್ಪುಗಾರರು.

"ಅಗೋ, ಕಿಟಕೀಲಿ ನಿಂತವ್ರೆ ನಮ್ಮಮ್ಮಾರು. ಮೂವತ್ತು ವರ್ಷ ಮೇಷ್ಟ್ರನ್ನ ನೋಡ್ಕೊಂಡ್ರು. ಮೇಷ್ಟ್ರು ಸೋಮವಾರ ಹೋಗ್ಬಿಟ್ರು."

ಸಭೆಯೆಲ್ಲ ಕಿಟಕಿಯತ್ತ ತಿರುಗಿತು. ತೀರ್ಪುಗಾರರು ಎದ್ದು ನಿಂತು ಕೈಮುಗಿದರು. ಆಮೇಲೆ ಮೊದಲ ಬಹುಮಾನಕ್ಕೆ ಕೂಗಿದ್ದು ನಯನಾಳ ಹೆಸರನ್ನೇ!

ಹುಡುಗಿ ಚಪ್ಪಾಳೆಯ ನಡುವೆಯೇ ಹೊರಗೋಡಿ ಬಂದಳು.

"ಮುಟ್ಟಬೇಡ್ವೇ, ಸೂತಕ!"

"ಇರ್ಲಿ ಬಿಡಿ ಅಮ್ಮಾರೆ, ಮನೆಗೋಗಿ ಮಿಂದ್ರಾಯ್ತು!" ಎಂದು ಅವಳು ತಬ್ಬಿಕೊಂಡೇಬಿಟ್ಟಳು. ಐದು ದಿನ ಬಾರದಿದ್ದ ಅಳು ಕನಕಲಕ್ಷ್ಮಮ್ಮನಿಗೆ ಆಗ ಬಂತು, ಅದರೊಳಗೇ ನಗುವೂ ಬಂತು. ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೇಡಿಕೊಂಡರು.

ಲಕ್ಷ್ಮೀನರಸಿಂಹಾ, ಊರ ಮಕ್ಕಳಿಗೆ ಅಕ್ಷರ ಹೇಳಿ ದಣಿದ ಜೀವ ನಿನ್ನಲ್ಲಿಗೆ ಬಂದಿದೆ. ಅದಕ್ಕೆ ನಿನ್ನ ಪಾದದಲ್ಲಿ ಎಡೆ ಕೊಡು ತಂದೆ, ಶಾಂತಿ ಕೊಡು.