ಈಸ್ಟರಿಗೆ ಬರುತ್ತಿದ್ದ ಪಾದ್ರಿ

ನನ್ನಣ್ಣ ರೆಡ್ಮಂಡ್, ಅಂದರೆ ಲಾರ್ಡ್ ಕ್ಲೋನ್‌ಗ್ಯಾರಿ, ಡಬ್ಲಿನ್ನಿನ ಪ್ರಭುಗಳ ಸಭೆಯಲ್ಲಿ ಹೇಗೆ ಕೂತನೆಂದು ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಆಗಿನ ಕಾನೂನು ಹಾಗಿತ್ತು: ಕ್ಯಾಥೊಲಿಕ್ ತಂದೆ ಸತ್ತರೆ ಜಮೀನು ಗಂಡುಮಕ್ಕಳೆಲ್ಲರಿಗೂ ಹಂಚಿ ಚೂರುಚೂರಾಗಬೇಕು. ಹಿರಿಯ ಮಗ ರಾಜನ ಪ್ರಾಟೆಸ್ಟಂಟ್ ಚರ್ಚಿಗೆ ಸೇರಿದರೆ ಅಷ್ಟೂ ಅವನೊಬ್ಬನಿಗೆ, ಜೊತೆಗೆ ಅಪ್ಪನಿಗೆ ಎಂದೂ ಸಿಗದ ಸಭೆಯ ಕುರ್ಚಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಣ್ಣ ತೋರಿಕೆಗೆ ಆ ಚರ್ಚು ಸೇರಲಿ ಎಂದು ಮನೆಯವರೆಲ್ಲ ಕೂತು ತೀರ್ಮಾನ ಮಾಡಿದರು. ಅಮ್ಮನೇ ಅವನ ತಲೆ ಬಾಚಿ ಕಳಿಸಿದಳು. ಒಂದು ಭಾನುವಾರ ಹೋಗಿ ಅವರ ರೊಟ್ಟಿ ತಿಂದು, ಅವರ ದ್ರಾಕ್ಷಾರಸ ಕುಡಿದು ಬಂದ.

ಅದಾಗಿ ಹದಿನೆಂಟು ವರ್ಷ. ಅಣ್ಣ ಸಭೆಯಲ್ಲಿ ಎದ್ದು ನಿಂತು, ಕ್ಯಾಥೊಲಿಕ್ ಪಾದ್ರಿಗಳನ್ನು ದೇಶ ಬಿಡಿಸಬೇಕೆಂದು ಭಾಷಣ ಬಿಗಿಯುತ್ತಿದ್ದ. ಪ್ರತಿ ಈಸ್ಟರಿಗೆ ಮಾತ್ರ ಅದೇ ಪಾದ್ರಿಗಳಲ್ಲೊಬ್ಬರಾದ ಫಾದರ್ ಲಾಕ್ಲನ್‌ರನ್ನು ಕುದುರೆ ಲಾಯಕ್ಕೆ ಕರೆಸಿಕೊಂಡು, ಮಂಡಿಯೂರಿ, ತನ್ನ ಪಾಪವನ್ನೆಲ್ಲ ಹೇಳಿಕೊಳ್ಳುತ್ತಿದ್ದ. ಲಾಯದ ಬಾಗಿಲು ಕಾಯುತ್ತಿದ್ದವಳು ನಾನು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಅಕ್ಟೋಬರಿನಲ್ಲಿ ಅಮ್ಮ ಹಾಸಿಗೆ ಹಿಡಿದಳು. ಇವತ್ತು ಸಂಜೆ ಕಂಡರೆ ಹೆಚ್ಚು ಎಂದ ವೈದ್ಯ. ಅವತ್ತೇ ಡಬ್ಲಿನ್ನಿನ ಸರಕಾರದಿಂದ ಮೂವರು ದೊಡ್ಡ ಮನುಷ್ಯರು ಬಂದು ಇಳಿದಿದ್ದರು, ಅಣ್ಣನಿಗೆ ಮಂತ್ರಿಪದವಿ ಕೊಡಬಹುದೇ ಎಂದು ನೋಡಲು. ಮಧ್ಯಾಹ್ನ ಅವರು ಊಟಕ್ಕೆ ಕೂತಾಗ, ಸಾಯುವವರ ಹಣೆಗೆ ಪಾದ್ರಿ ಹಚ್ಚುವ ಪವಿತ್ರ ಎಣ್ಣೆ ಅಮ್ಮನಿಗೂ ಸಿಗಲೆಂದು, ನಾನು ಫಾದರ್‌ರನ್ನು ಹಿತ್ತಲಿನಿಂದ ಒಳಗೆ ಕರೆತಂದೆ. ಮೆಟ್ಟಿಲ ಬುಡದಲ್ಲಿ ಅಣ್ಣ ಅಡ್ಡ ನಿಂತ.

"ನೋರಾ, ಇವರು ಮೇಲೆ ಹತ್ತೋ ಹಾಗಿಲ್ಲ."

"ಅಮ್ಮ ಸಾಯ್ತಿದ್ದಾಳೆ ಕಣೋ. ಹಣೆಗೆ ಎಣ್ಣೆ ಬೀಳದೇನೇ ಹೋಗ್ಬೇಕಾ ಅವಳು?"

"ನಾಳೆ ಬೆಳಿಗ್ಗೆ ಡಬ್ಲಿನ್ನಿನವರು ಹೊರಡ್ತಾರೆ. ಆಮೇಲೆ ಹತ್ತು ಪಾದ್ರಿ ಕರ್ಸು, ನಾನು ಬೇಡ ಅನ್ನಲ್ಲ."

"ಸಾವಿಗೂ ಚೀಟಿ ಬರ್ದು ಕಳಿಸ್ತೀಯೇನು, ನಾಳೆ ಬಾ ಅಂತ?"

"ಮೆಲ್ಲಗೆ ಮಾತಾಡು, ಕೇಳಿಸುತ್ತೆ."

"ಕೇಳಿಸ್ಲಿ. ನಿನಗಾದ್ರೆ ಫಾದರ್ ಬೇಕು, ಹೆತ್ತವಳಿಗೆ ಬೇಡ. ಥೂ ನಿನ್ನ ಜನ್ಮಕ್ಕೆ. ದಾರಿ ಬಿಡ್ತೀಯೋ, ಇಲ್ಲ ಊಟದ ಮನೆಗೆ ಹೋಗಿ, ಈಸ್ಟರಿಗೆ ಲಾಯದಲ್ಲಿ ನೀನು ಯಾರ ಮುಂದೆ ಮಂಡಿಯೂರ್ತೀಯ ಅಂತ ಹೇಳ್ಲೋ?"

ಅವನ ಮುಖ ಬಿಳಿಚಿಕೊಂಡಿತು. ಆ ಮಾತು ಹೊರಬಿದ್ದರೆ ಮಂತ್ರಿಪದವಿ ಹಾಗಿರಲಿ, ಜಮೀನೂ ಕೈಬಿಡುತ್ತಿತ್ತು. ಗೋಡೆಗೆ ಸರಿದು ನಿಂತ. ಗೆದ್ದೆ ಎಂದುಕೊಂಡು ನಾನು ಫಾದರ್‌ರನ್ನು ಮೇಲೆ ಕರೆದುಕೊಂಡು ಹೋದೆ. ಅಣ್ಣ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

ಅಮ್ಮ ಕಣ್ಣು ಬಿಟ್ಟಳು. "ಯಾರೇ ಇವರನ್ನ ಕರ್ಸಿದ್ದು? ಕೆಳಗೆ ಅವನ ಅತಿಥಿಗಳಿದ್ದಾರಲ್ಲೇ."

"ಇದ್ರೆ ಇರ್ಲಮ್ಮ. ನೀನು ಕೈ ಮುಗಿ."

"ಬೇಡ, ಕಳಿಸ್ಬಿಡು. ಅವನನ್ನ ಆ ಚರ್ಚಿಗೆ ಕಳಿಸ್ದೋಳು ನಾನು. ಈಗ ನನ್ನಿಂದ ಅವನ ಬಾಳು ಕೆಡೋದು ಬೇಡ."

"ತಾಯಿ, ಒಂದೇ ನಿಮಿಷದ ಕೆಲಸ," ಎಂದರು ಫಾದರ್. ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಅಣ್ಣನ ಮೇಲೆ ಹದಿನೆಂಟು ವರ್ಷದಲ್ಲಿ ಬಾರದಷ್ಟು ಸಿಟ್ಟು ಆ ಗಳಿಗೆ ಅವಳ ಮೇಲೆ ಬಂತು. ಸಾಯುವವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅಣ್ಣನ ತೋಳು ಹಿಡಿದು ಎಳೆದೆ.

"ನೀನು ಹೇಳೋ. 'ಎಣ್ಣೆ ಹಚ್ಚಿಸ್ಕೊಳ್ಳಮ್ಮ' ಅನ್ನು, ಅಷ್ಟು ಸಾಕು. ನಿನ್ನ ಮಾತು ಕೇಳ್ತಾಳೆ."

ಅಮ್ಮ ಗೋಡೆಯಿಂದ ಮುಖ ಈಚೆಗೆ ತಿರುಗಿಸಿದಳು. ಬೇಡ ಅಂದವಳೇ ಅವನ ಬಾಯಿಯನ್ನೇ ನೋಡುತ್ತಿದ್ದಳು. ಆಗ ಗೊತ್ತಾಯಿತು ನನಗೆ, ಅವಳು ಕಾಯುತ್ತಿದ್ದದ್ದು ಪಾದ್ರಿಗಲ್ಲ, ಆ ಒಂದು ಮಾತಿಗೆ.

ಅಣ್ಣನ ತುಟಿ ಅಲುಗಿತು. ಅಷ್ಟರಲ್ಲಿ ಕೆಳಗಿನಿಂದ ಯಾರೋ, "ಲಾರ್ಡ್ ಸಾಹೇಬ್ರು ಎಲ್ಲಿ ಹೋದ್ರಪ್ಪ, ಮಾಂಸ ತಣ್ಣಗಾಗ್ತಿದೆ," ಎಂದು ನಕ್ಕರು.

"ಬಂದೆ," ಎಂದು ಅಣ್ಣ ಮೆಟ್ಟಿಲಿಳಿದು ಹೋದ.

ಅಮ್ಮ ಆ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ನಾನೇ ಅವಳ ಕಣ್ಣು ಮುಚ್ಚಿಸಬೇಕಾಯಿತು.